ಅಕ್ಕನ ಹರಕೆ, ನನ್ನ ಸುಳ್ಳು



ಇವತ್ತು ಮಾರ್ಚ್ 20. 1927ರಲ್ಲಿ ಇದೇ ದಿನ ಬಾಬಾಸಾಹೇಬರು ಸಾವಿರಾರು ಜನರ ಜೊತೆ ಮೆರವಣಿಗೆಯಲ್ಲಿ ನಡೆದು ಹೋಗಿ ಮಹಾಡ್‌ನ ಚವದಾರ್ ಕೆರೆಯ ನೀರು ಕುಡಿದರು. ಪ್ರತಿ ವರ್ಷ ಈ ದಿನ ಅದರ ಬಗ್ಗೆ ಒಂದು ಪೋಸ್ಟ್ ಹಾಕ್ತೀನಿ. ಈ ಸಲ ನನ್ನ ಬಗ್ಗೆಯೇ ಒಂದು ವಿಷಯ ಹೇಳ್ಬೇಕಿದೆ.

ಹತ್ತು ದಿನದಿಂದ ಒಂದು ಫೋಟೊ ನಮ್ಮ ವಾಟ್ಸಾಪ್ ಗ್ರೂಪುಗಳಲ್ಲಿ ಓಡಾಡ್ತಿದೆ. ಶಿವರಾತ್ರಿ ದಿನ ಮಲೆ ಮಹದೇಶ್ವರ ಬೆಟ್ಟದಲ್ಲಿ ನಾನು ನಿಂತಿರೋ ಫೋಟೊ. ಪಕ್ಕದಲ್ಲಿ ಹಣೆ ತುಂಬಾ ವಿಭೂತಿ ಬಳ್ಕೊಂಡ ನಮ್ಮಕ್ಕ. "ಏನ್ ಸರ್, ವೇದಿಕೆ ಮೇಲೆ 22 ಪ್ರತಿಜ್ಞೆ, ಶಿವರಾತ್ರಿಗೆ ಮಾದಪ್ಪನ ಬೆಟ್ಟಾನಾ?" ಅಂತ ಸುಮಾರು ಜನ ಕೇಳಿದ್ರಿ. ಕೇಳಬೇಕಾದ ಪ್ರಶ್ನೆಯೇ. ಬೇರೆಯವರ ಫೋಟೊ ಬಂದಿದ್ರೆ ನಾನೂ ಕೇಳ್ತಿದ್ದೆ. ಉತ್ತರ ಹೇಳ್ತೀನಿ. ಆದರೆ ಆ ನಾಲ್ಕೈದು ದಿನದಲ್ಲಿ ನಾನು ಮಾಡಿದ ತಪ್ಪು ನೀವು ಕೇಳಿದ ತಪ್ಪಲ್ಲ, ಬೇರೆ ಇನ್ನೊಂದಿದೆ. ಅದನ್ನೂ ನಾನೇ ಹೇಳಿಬಿಡ್ತೀನಿ.

2021ರ ಮೇ ತಿಂಗಳು. ಕೊರೊನಾ ಎರಡನೇ ಅಲೆ. ನಾನು ಒಂಬತ್ತು ದಿನ ಆಕ್ಸಿಜನ್ ಮೇಲಿದ್ದೆ ಅನ್ನೋದು ನಿಮ್ಮಲ್ಲಿ ಕೆಲವರಿಗೆ ಗೊತ್ತು. ಸಂಘಟನೆಯ ಗೆಳೆಯರು ಸಿಲಿಂಡರ್‌ಗಾಗಿ ಓಡಾಡಿದ್ರು. ನಮ್ಮಕ್ಕ ಏನು ಮಾಡಿದ್ಳು ಅನ್ನೋದು ನನಗೇ ಗೊತ್ತಿರಲಿಲ್ಲ. ಈ ವರ್ಷ ಜನವರಿಯಲ್ಲಿ ಬಾಯಿ ಬಿಟ್ಟಳು. "ನೀನು ಬದುಕಿದ್ರೆ ಬರಿಗಾಲಲ್ಲಿ ಬೆಟ್ಟಕ್ಕೆ ನಡ್ಕಂಡು ಬತ್ತೀನಿ ಅಂತ ಮಾದಪ್ಪನಿಗೆ ಹರಕೆ ಮಾಡ್ಕಂಡಿದ್ದೆ ಕಣೋ. ಮೂರು ವರ್ಷ ಆಯ್ತು. ಈಗ ಮಂಡಿ ಹಿಡ್ಕಳ್ತಾ ಅವೆ. ಇನ್ನೂ ತಡ ಮಾಡಿದ್ರೆ ಆಗಲ್ಲ."

ನಮ್ಮವ್ವನ ತವರು ಕನಕಪುರದ ಕಡೆ. ಮಾದಪ್ಪ ಆ ಕಡೆಯಿಂದ ಅವ್ವನ ಜೊತೆ ನಮ್ಮ ದೊಡ್ಡಬಳ್ಳಾಪುರ ತಾಲೂಕಿಗೆ ಬಂದವನು. ನಾನು ದೀಕ್ಷೆ ತಗೊಂಡ ಮೇಲೆ ಮನೆಯಲ್ಲಿದ್ದ ಆ ಪಟ ಅಕ್ಕನ ಮನೆಗೆ ಹೋಯ್ತು. ನಾನು ವಾದ ಮಾಡ್ದೆ. ಬದುಕಿಸಿದ್ದು ಡಾಕ್ಟರು, ನರ್ಸು, ಆಕ್ಸಿಜನ್ ಅಂದೆ. "ಅವ್ರಿಗೂ ಕೈ ಮುಗಿದಿದೀನಿ ಬುಡು. ನಿನ್ನನ್ನ ಬಾ ಅಂತ ಕರೆದ್ನಾ? ನನ್ನ ಹರಕೆ, ನಾನು ಹೋಗ್ತೀನಿ" ಅಂದಳು. ಐವತ್ತೆರಡು ವರ್ಷದ ಹೆಂಗಸು, ಗಾರ್ಮೆಂಟ್ಸ್‌ನಲ್ಲಿ ಇಪ್ಪತ್ತು ವರ್ಷ ಮಿಷನ್ ತುಳಿದ ಕಾಲು. ಒಬ್ಬಳನ್ನೇ ಕಾಡಿನ ದಾರಿಗೆ ಕಳಿಸೋಕೆ ಆಗಲಿಲ್ಲ. ಆಫೀಸಿಗೆ ಐದು ದಿನ ರಜೆ ಬರೆದುಕೊಟ್ಟೆ. ಅವಳಿಗೆ ಸಂಬಳ ಕಟ್.

ಹೊರಡೋ ಹಿಂದಿನ ದಿನ ನಾನೂ ಚಪ್ಪಲಿ ಬಿಟ್ಟು ನಡೀಲಾ ಅಂತ ಕೇಳ್ದೆ. ಅಕ್ಕನಿಗೆ ಸಿಟ್ಟು ಬಂತು. "ನೀನು ಶೂ ಹಾಕ್ಕಂಡು ಬಾ. ಅಪ್ಪ ಕೈಯಲ್ಲಿ ಹಿಡ್ಕಂಡು ಓಡಾಡಿದ್ದು ಸಾಕು." ನಮ್ಮಪ್ಪ ಊರಿಗೆಲ್ಲ ಚಪ್ಪಲಿ ಹೊಲಿದುಕೊಟ್ಟು, ಊರ ಬೀದಿಯಲ್ಲಿ ತನ್ನ ಚಪ್ಪಲಿಯನ್ನ ಕೈಯಲ್ಲಿ ಹಿಡ್ಕೊಂಡು ಹೋಗ್ತಿದ್ದವನು. ಅದನ್ನ ನಾವಿಬ್ಬರೂ ನೋಡಿದ್ದೀವಿ.

ಮಾರ್ಚ್ 4, ಸೋಮವಾರ ಬೆಳಿಗ್ಗೆ ಕನಕಪುರದವರೆಗೆ ಬಸ್ಸು, ಅಲ್ಲಿಂದ ನಡಿಗೆ. ರಾಮನಗರ, ಕನಕಪುರ, ಬೆಂಗಳೂರು ಕಡೆಯ ಜನ ಶಿವರಾತ್ರಿಗೆ ಹೋಗೋ ದಾರಿ ಇದು. ಸಂಗಮದ ಹತ್ರ ಕಾಡಿಗೆ ಇಳಿದು, ಕಾವೇರಿ ಹೊಳೆ ದಾಟಿ, ಆ ಕಡೆ ಹನೂರು ತಾಲೂಕಿನ ಶಾಗ್ಯ, ಕೌದಳ್ಳಿ, ತಾಳುಬೆಟ್ಟದ ಮೇಲೆ ಹೋಗಬೇಕು. ದಾರಿ ಉದ್ದಕ್ಕೂ ಮಜ್ಜಿಗೆ, ಪಾನಕ, ಅನ್ನ ಸಾಂಬಾರ್ ಕೊಡೋರು. "ಉಘೇ ಮಾದಪ್ಪ" ಅಂತ ಕೂಗ್ತಾ ಹೋಗೋ ಹುಡುಗರು.

ನನಗೆ ನೆನಪಾಗಿದ್ದು ಇನ್ನೊಂದು ಪಾದಯಾತ್ರೆ. 2022ರ ಕೊನೆಯಲ್ಲಿ ಸದಾಶಿವ ಆಯೋಗದ ವರದಿ ಜಾರಿಯಾಗಲಿ, ಒಳಮೀಸಲಾತಿ ಕೊಡಿ ಅಂತ ಹರಿಹರದಿಂದ ಬೆಂಗಳೂರಿಗೆ ನಡೆದದ್ದು. ನೆಲಮಂಗಲದಲ್ಲಿ ನಾನೂ ಸೇರ್ಕೊಂಡಿದ್ದೆ. ಹೆದ್ದಾರಿಯಲ್ಲಿ ನಮ್ಮ ಜಾತಿಯ ಹೆಸರನ್ನ ಕೂಗಿ ಕೂಗಿ ಮೂರು ದಿನ ಗಂಟಲು ಕಟ್ಟಿತ್ತು. ಇದನ್ನ ಯಾಕೆ ಹೇಳ್ತಿದೀನಿ ಅನ್ನೋದು ಮುಂದೆ ಗೊತ್ತಾಗುತ್ತೆ.

ಮೊದಲ ರಾತ್ರಿ ಒಂದು ಶಾಲೆಯ ಜಗಲಿಯಲ್ಲಿ ಮಲಗಿದ್ವಿ. ಅಲ್ಲಿ ಹದಿಮೂರು ಜನರ ಒಂದು ತಂಡ ಇತ್ತು. ಒಂದೇ ಊರಿನವರು, ವರ್ಷಾ ವರ್ಷ ಬರೋರು. ಯಾವ ಊರು ಅನ್ನೋದು ಇಲ್ಲಿ ಬೇಡ. ಒಳ್ಳೆಯ ಜನ. ಅಕ್ಕನ ಪಾದ ನೋಡಿ ಅವರಲ್ಲಿದ್ದ ಒಬ್ಬರು ಅಜ್ಜಿ ಹರಳೆಣ್ಣೆ ಕೊಟ್ರು. "ನಾಳೆಯಿಂದ ನಮ್ ಜೊತೇಲೇ ಬನ್ನಿ, ಕಾಡಲ್ಲಿ ಆನೆ ಐತೆ, ಇಬ್ಬರೇ ಹೋಗಬೇಡಿ" ಅಂದ್ರು. ಅಕ್ಕ ಮನೆಯಿಂದ ಕಟ್ಟಿ ತಂದಿದ್ದ ತಂಬಿಟ್ಟು ಬಿಚ್ಚಿ ಎಲ್ಲರಿಗೂ ಹಂಚೋಕೆ ಹೋದಳು. ಆಗ ಅಜ್ಜಿ ಸಹಜವಾಗಿ ಕೇಳಿದ್ರು, "ನೀವು ಯಾವ ಜನ ಮಗ?"

ನಾನು ಬಾಯಿ ಹಾಕ್ದೆ. "ಒಕ್ಕಲುತನ ಅಜ್ಜಿ, ದೊಡ್ಡಬಳ್ಳಾಪುರದ ಕಡೆ. ಸ್ವಲ್ಪ ಜಮೀನೈತೆ."

ಅಪ್ಪನಿಗೆ ದರಖಾಸ್ತಿನಲ್ಲಿ ಬಂದ ಒಂದು ಎಕರೆ ಹತ್ತು ಗುಂಟೆ ಇದೆ, ರಾಗಿ ಬೆಳೀತೀವಿ, ಹಾಗಾಗಿ ಇದು ಸುಳ್ಳಲ್ಲ ಅಂತ ನನಗೆ ನಾನೇ ಹೇಳ್ಕೊಂಡೆ. ಅಜ್ಜಿ ಏನು ಅರ್ಥ ಮಾಡ್ಕೊಳ್ತಾರೆ ಅಂತ ನನಗೆ ಚೆನ್ನಾಗಿ ಗೊತ್ತಿತ್ತು. ಹಾಗೇ ಅರ್ಥ ಮಾಡ್ಕೊಂಡ್ರು. ಹದಿಮೂರೂ ಜನ ತಂಬಿಟ್ಟು ತಿಂದ್ರು, ಬೆಲ್ಲ ಹದವಾಗಿದೆ ಅಂದ್ರು. ಅಕ್ಕ ನನ್ನ ಮುಖ ಒಂದು ಸಲ ನೋಡಿದಳು, ಆಮೇಲೆ ಡಬ್ಬಿ ಮುಚ್ಚಿ ಮಲಗಿದಳು.

ಬಾಡಿಗೆ ಮನೆ ಹುಡುಕುವಾಗ ಜಾತಿ ಮುಚ್ಚಿಡೋರ ಬಗ್ಗೆ ನಾನು ಭಾಷಣ ಮಾಡಿದ್ದೀನಿ. "ನಾವು ಯಾಕೆ ತಲೆ ತಗ್ಗಿಸ್ಬೇಕು" ಅಂತ ಹಾಸ್ಟೆಲ್ ಹುಡುಗರಿಗೆ ಹೇಳಿದ್ದೀನಿ. ಆ ರಾತ್ರಿ ನಿದ್ದೆ ಬರಲಿಲ್ಲ. ಅಕ್ಕನಿಗೆ ಜೊತೆ ಬೇಕಿತ್ತು, ಕಾಡಿನ ದಾರಿ, ಸುಸ್ತಾಗಿತ್ತು ಅಂತ ನೂರು ಕಾರಣ ಜೋಡಿಸ್ಕೊಂಡೆ.

ಮಾರನೇ ದಿನ ಸಂಜೆ ಸಂಗಮ ತಲುಪಿದ್ವಿ. ಅರ್ಕಾವತಿ ಬಂದು ಕಾವೇರಿಗೆ ಸೇರೋ ಜಾಗ. ಮೇಕೆದಾಟು ಪಾದಯಾತ್ರೆ 2022ರ ಜನವರಿಯಲ್ಲಿ ಶುರುವಾಗಿದ್ದೂ ಇಲ್ಲಿಂದಲೇ. ಅಕ್ಕನಿಗೆ ಹೇಳ್ದೆ: ಈ ಅರ್ಕಾವತಿ ಹುಟ್ಟೋದು ನಮ್ಮ ನಂದಿಬೆಟ್ಟದಲ್ಲಿ, ದೊಡ್ಡಬಳ್ಳಾಪುರ, ಹೆಸರಘಟ್ಟ, ತಿಪ್ಪಗೊಂಡನಹಳ್ಳಿ, ರಾಮನಗರ, ಕನಕಪುರ ದಾಟಿ ಇಲ್ಲಿಗೆ ಬರುತ್ತೆ. ನಮ್ಮ ಕಡೆಯ ಕೆರೆಗಳಿಗೆ ಊರ ಚರಂಡಿ, ಕಾರ್ಖಾನೆ ನೀರು ಸೇರಿ ಏನಾಗಿದೆ ಅಂತ ಅವಳಿಗೆ ಹೇಳೋದೇನೂ ಬೇಕಿಲ್ಲ. ಸ್ವಲ್ಪ ಹೊತ್ತು ನೀರು ನೋಡಿ, "ಹಂಗಾದ್ರೆ ನಮ್ಮೂರ ಗಲೀಜು ನಮಗಿಂತ ಮುಂಚೆ ಬಂದು ಕುಂತದೆ" ಅಂದಳು. ಎರಡು ದಿನದಲ್ಲಿ ಅವತ್ತೇ ಅವಳು ನನ್ನ ಜೊತೆ ನಕ್ಕಿದ್ದು.

ಬುಧವಾರ ಬೆಳಿಗ್ಗೆ ಹೊಳೆ ದಾಟಿದ್ವಿ. ಬರಗಾಲದ ವರ್ಷ. ರಾಜ್ಯದ 236 ತಾಲೂಕಲ್ಲಿ 223 ಬರಪೀಡಿತ ಅಂತ ಸರ್ಕಾರವೇ ಘೋಷಿಸಿತ್ತು. ಕಾವೇರಿ ತೊಡೆಮಟ್ಟ ಇದ್ದಳು. ಆದರೂ ಸೆಳವು ಇತ್ತು, ಕೆಳಗೆ ಪಾಚಿ ಕಟ್ಟಿದ ಬಂಡೆ. ದಡದಿಂದ ದಡಕ್ಕೆ ಹಗ್ಗ. ಮುದುಕರು, ಮಕ್ಕಳು, ತಲೆ ಮೇಲೆ ಗಂಟು ಹೊತ್ತ ಹೆಂಗಸರು, ಎಲ್ಲರೂ ಒಂದೇ ಹಗ್ಗ ಹಿಡಿದು ಸಾಲಾಗಿ. ನಡು ಹೊಳೆಯಲ್ಲಿ ಅಜ್ಜಿ ಜಾರಿದ್ರು. ಅಕ್ಕ ಒಂದು ಕೈ ಹಗ್ಗ ಬಿಟ್ಟು ಅವರ ರಟ್ಟೆ ಹಿಡಿದಳು. ಆಚೆ ದಡ ಸೇರೋವರೆಗೂ ಬಿಡಲಿಲ್ಲ.

ನನಗೆ ಮಹಾಡ್ ನೆನಪಾಯ್ತು. ಆ ಕೆರೆಯನ್ನ ಎಲ್ಲರಿಗೂ ಮುಕ್ತ ಅಂತ ಮಹಾಡ್ ಪುರಸಭೆ 1924ರಲ್ಲೇ ನಿರ್ಣಯ ಮಾಡಿತ್ತು. ಕಾಗದದ ಮೇಲೆ ಹಕ್ಕಿತ್ತು, ನೀರು ಮುಟ್ಟೋಕೆ ಮೂರು ವರ್ಷ ಆದ ಮೇಲೂ ಆಗಿರಲಿಲ್ಲ. ನಮ್ಮವರು ಮುಟ್ಟಿ ಬಂದ ಮೇಲೆ ಸವರ್ಣೀಯರು ಸಗಣಿ, ಗಂಜಲ ಸುರಿದು ಕೆರೆಯನ್ನ 'ಶುದ್ಧಿ' ಮಾಡಿದ್ರು. ಕೋರ್ಟಿನಲ್ಲಿ ಕೊನೆಗೆ ಗೆದ್ದಿದ್ದು 1937ರಲ್ಲಿ. ಅವತ್ತು ಮಹಾಡ್‌ನಲ್ಲಿ ನಡೆದವರು ನಾವು ಇಂಥವರು ಅಂತ ಹೇಳಿಕೊಂಡೇ ನಡೆದ್ರು. ಇಲ್ಲಿ ನಾನು ಅವರ ಮೊಮ್ಮಗ, ಒಕ್ಕಲುತನ ಅಜ್ಜಿ ಅಂತ ಹೇಳ್ಕೊಂಡು ಹಗ್ಗ ಹಿಡಿದಿದ್ದೆ.

ಆಚೆ ದಡದಲ್ಲಿ ಎಲ್ಲರೂ ಸೀರೆ ಪಂಚೆ ಒಣಗಿಸ್ತಾ ಕೂತ್ವಿ. ಅಜ್ಜಿ ಇನ್ನೂ ನಡುಗ್ತಿದ್ರು. "ಒಂದು ತಂಬಿಟ್ಟು ಕೊಡವ್ವ, ಜೀವ ಬರ್ತದೆ" ಅಂತ ಕೈ ನೀಡಿದ್ರು. ಅಕ್ಕ ತಂಬಿಟ್ಟನ್ನ ಆ ಕೈಯಲ್ಲಿ ಇಟ್ಟು, ಹೇಳಿದಳು.

"ಅಜ್ಜಿ, ತಿನ್ನೋಕೆ ಮುಂಚೆ ಕೇಳು. ನಾವು ಮಾದಿಗರು. ಮಾದಪ್ಪನಿಗೆ ಜೋಡು ಹೊಲಿದುಕೊಟ್ಟ ಹರಳಯ್ಯನ ಕುಲ. ನನ್ ತಮ್ಮ ಮೊನ್ನೆ ನಿಜ ಹೇಳ್ಲಿಲ್ಲ."

ಕಂಸಾಳೆಯವರ ಬಾಯಲ್ಲಿ ಆ ಕಥೆ ಕೇಳಿದವರಿಗೆ ಗೊತ್ತು. ಬಂಕಾಪುರಿಯ ಶ್ರವಣ ದೇವರುಗಳನ್ನೆಲ್ಲ ಸೆರೆ ಹಿಡಿದಿದ್ದ. ಅವನನ್ನ ಮುಗಿಸೋಕೆ ಮಾದಪ್ಪನಿಗೆ ಬೇಕಾಗಿದ್ದು ಹರಳಯ್ಯ ಹೊಲಿದ ಪಾದರಕ್ಷೆ. ಕಲ್ಯಾಣದಲ್ಲಿ ಬಸವಣ್ಣನಿಗೆ ತನ್ನ ತೊಡೆಯ ಚರ್ಮದಲ್ಲಿ ಮೆಟ್ಟು ಮಾಡಿಕೊಟ್ಟವನ ಹೆಸರೂ ಹರಳಯ್ಯ. ಅವನನ್ನ ಕೊನೆಗೆ ಎಳೆಹೂಟೆ ಕಟ್ಟಿ ಕೊಂದದ್ದೂ ನಮಗೆ ಗೊತ್ತು. ಎರಡು ಕಥೆಯಲ್ಲೂ ಚಪ್ಪಲಿ ನಮ್ಮದೇ. ಪುಸ್ತಕ ಓದಿ ನಾನು ಇದನ್ನ ವೇದಿಕೆಯಲ್ಲಿ ಎಷ್ಟೋ ಸಲ ಹೇಳಿದ್ದೀನಿ. ನಾಲ್ಕನೇ ಕ್ಲಾಸಿಗೆ ಸ್ಕೂಲು ಬಿಟ್ಟ ಅಕ್ಕ, ಅದನ್ನ ಹೇಳಲೇಬೇಕಾದ ಜಾಗದಲ್ಲಿ ಹೇಳಿದಳು.

ಯಾರೂ ಬೈಯಲಿಲ್ಲ. ಜಗಳ ಆಗಲಿಲ್ಲ. ಅಜ್ಜಿಯ ಕೈ ಹಾಗೇ ನಿಂತಿತ್ತು. ತಿನ್ನಲೂ ಇಲ್ಲ, ಕೆಳಗೆ ಇಡಲೂ ಇಲ್ಲ. ಆಮೇಲೆ ತಂಬಿಟ್ಟನ್ನ ಸೆರಗಿನ ತುದಿಗೆ ಗಂಟು ಕಟ್ಕೊಂಡ್ರು. ಅವರ ಸೊಸೆ ಎದ್ದು ಹೋಗಿ ಹೊಳೆಯಲ್ಲಿ ಬಾಯಿ ಮುಕ್ಕಳಿಸಿದ್ದು ನಾನು ನೋಡ್ದೆ. ಸ್ವಲ್ಪ ಹೊತ್ತಿಗೆ ತಂಡದವರು "ನಾವು ಮುಂದೆ ಹೋಗಿರ್ತೀವಿ" ಅಂದ್ರು. ಆನೆ ಇರೋ ಕಾಡಿನಲ್ಲಿ ನಾವಿಬ್ಬರು ಬೇರೆ ಗುಂಪುಗಳ ಹಿಂದೆ ಹಿಂದೆ ಶಾಗ್ಯದವರೆಗೆ ನಡೆದ್ವಿ.

ರಾತ್ರಿ ಅಕ್ಕನ ಕಾಲಿನ ಗುಳ್ಳೆಗೆ ಬಟ್ಟೆ ಕಟ್ತಾ, ತಪ್ಪಾಯ್ತು ಕಣಕ್ಕ ಅಂದೆ.

"ನೀನು ಮೈಕ್ ಹಿಡ್ಕಂಡ್ರೆ ಹೇಳ್ತೀಯ. ಅನ್ನದ ತಟ್ಟೆ ಮುಂದೆ ಹೇಳೋದು ಕಷ್ಟ ಕಣೋ, ನನಗೇನು ಗೊತ್ತಿಲ್ವಾ" ಅಂದಳು. ಸ್ವಲ್ಪ ಹೊತ್ತು ಬಿಟ್ಟು, "ನೀನು ಹೇಳ್ದೇ ಇದ್ದಿದ್ದು ನನಗೆ ಬೇಜಾರಿಲ್ಲ. ನನ್ ಕೈ ತಂಬಿಟ್ಟನ್ನ ಕದ್ದು ತಿನ್ಸಿದ್ಯಲ್ಲ. ಕದ್ದು ತಿನ್ಸೋಕೆ ಅದ್ರಲ್ಲೇನು ವಿಷ ಇಟ್ಟಿದ್ನಾ?"

ನನ್ನ ಹತ್ರ ಉತ್ತರ ಇರಲಿಲ್ಲ. ಈಗಲೂ ಇಲ್ಲ.

ಗುರುವಾರ ಕೌದಳ್ಳಿಯಲ್ಲಿ ಒಂದು ಹುಣಸೆ ಮರದ ಕೆಳಗೆ ಅಜ್ಜಿ ಒಬ್ಬರೇ ಕೂತಿದ್ರು. ತಂಡ ಮುಂದೆ ಹೋಗಿತ್ತು. "ನನ್ ಕಾಲೂ ನೋಯ್ತವೆ. ನಿಧಾನಕ್ಕೆ ನಡೆಯೋರು ಬೇಕು ನನಗೆ" ಅಂದ್ರು, ಎದ್ದು ಅಕ್ಕನ ಜೊತೆ ಹೆಜ್ಜೆ ಹಾಕಿದ್ರು. ತಾಳುಬೆಟ್ಟದವರೆಗೆ, ಮಾರನೇ ದಿನ ಬೆಟ್ಟದ ಏರು ದಾರಿಯಲ್ಲೂ, ಇಬ್ಬರೂ ಒಟ್ಟಿಗೇ ನಡೆದ್ರು. ಮಂಡಿನೋವು, ಸೊಸೆಯಂದಿರು, ರಾಗಿ ರೇಟು ಎಲ್ಲ ಮಾತಾಡಿದ್ರು. ಆದರೆ ನಮ್ಮ ಬಾಟಲಿಯ ನೀರು ಅಜ್ಜಿ ಕುಡಿಯಲಿಲ್ಲ. ಇದನ್ನೂ ಬರೀಬೇಕು. ಇಲ್ಲದಿದ್ರೆ ಇದು ಸುಖಾಂತ್ಯದ ಸಿನಿಮಾ ಆಗುತ್ತೆ. ಸೆರಗಿನ ಗಂಟು ತಾಳುಬೆಟ್ಟದಲ್ಲಿ ಇತ್ತು. ಬೆಟ್ಟದ ಮೇಲೆ ನೋಡಿದಾಗ ಇರಲಿಲ್ಲ. ತಿಂದ್ರೋ, ಕಾಡಿಗೆ ಎಸೆದ್ರೋ ನನಗೆ ಗೊತ್ತಿಲ್ಲ.

ಮಾರ್ಚ್ 8, ಶಿವರಾತ್ರಿ. ಮಹಿಳಾ ದಿನಾಚರಣೆಯೂ ಅವತ್ತೇ. ಅಕ್ಕ ಸಾಲಿನಲ್ಲಿ ನಿಂತು ಗುಡಿಯೊಳಗೆ ಹೋದಳು. ನಾನು ಹೋಗಲಿಲ್ಲ. ನನ್ನ ಪ್ರತಿಜ್ಞೆ ನನಗೆ, ಅವಳ ಹರಕೆ ಅವಳಿಗೆ. ಹೊರಗೆ ಶೂ ಹಾಕ್ಕೊಂಡೇ ನಿಂತಿದ್ದೆ. ಅವಳು ಹೊರಗೆ ಬಂದಾಗ ಪರಿಚಯದವರೊಬ್ಬರು ತೆಗೆದದ್ದು ಆ ಫೋಟೊ.

ಮಾದಪ್ಪ ಇದ್ದಾನೋ ಇಲ್ಲವೋ ಅನ್ನೋ ಚರ್ಚೆ ನಾನೂ ಅಕ್ಕನೂ ಇನ್ನೂ ಇಪ್ಪತ್ತು ವರ್ಷ ಮಾಡ್ತೀವಿ. ಅದು ಮನೆ ಜಗಳ. ಗೆಳೆಯರೇ, ಗುಡಿ ಮುಂದೆ ನಿಂತಿದ್ದಕ್ಕೆ ನನ್ನನ್ನ ಕೇಳಿದ್ರಿ, ಸಂತೋಷ. ಶಾಲೆಯ ಜಗಲಿಯಲ್ಲಿ ಆಡಿದ ಮಾತಿಗೂ ಕೇಳಿ. ನಮ್ಮಲ್ಲಿ ಎಷ್ಟು ಜನ ಮನೆ ಬಾಡಿಗೆಗೆ, ಆಫೀಸಿನ ಊಟದ ಟೇಬಲ್ಲಿಗೆ, ಮಕ್ಕಳ ಗೆಳೆಯರ ಮನೆಗೆ ಇಂಥ 'ಒಕ್ಕಲುತನ' ಇಟ್ಕೊಂಡಿದ್ದೀವಿ? ಮುಚ್ಚಿಡೋರನ್ನ ಬೈಯೋಕೆ ಕೇಳ್ತಿಲ್ಲ. ಮನೆ ಸಿಗದೇ ಇದ್ದಾಗ ಏನಾಗುತ್ತೆ ಅಂತ ನನಗೂ ಗೊತ್ತು. ಇನ್ನು ಮುಂದೆ ಅಂಥವರಿಗೆ ಭಾಷಣ ಮಾಡೋ ಮುಂಚೆ ನಾನು ನೆನಪಿಟ್ಕೊಳ್ಳಬೇಕಾದ್ದು ಇದು.

ಸೋಮವಾರ ಆಫೀಸಿಗೆ ಹೋದೆ. ಊಟದ ಹೊತ್ತಲ್ಲಿ ಹೊಸದಾಗಿ ಬಂದವರೊಬ್ಬರು "ಸರ್, ನೀವು ಯಾವ ಪೈಕಿ?" ಅಂದ್ರು. ಹೇಳ್ದೆ. "ಓ, ಹೌದಾ" ಅಂದು ಕ್ರಿಕೆಟ್ ವಿಷಯ ಎತ್ತಿದ್ರು. ಅನ್ನ ಗಂಟಲಲ್ಲಿ ಸ್ವಲ್ಪ ಸಿಕ್ಕಿಕೊಂಡಿತು, ಆದರೂ ಇಳೀತು.

ಅಕ್ಕನೂ ಅವತ್ತೇ ಕೆಲಸಕ್ಕೆ ಹೋದಳು. ಬಲಗಾಲಿನ ಗುಳ್ಳೆ ಇನ್ನೂ ಒಣಗಿಲ್ಲ, ಎಡಗಾಲಲ್ಲಿ ಮಿಷನ್ ತುಳೀತಿದ್ದಾಳೆ.

ಆ ಫೋಟೊ ಡಿಲೀಟ್ ಮಾಡಬೇಡಿ. ನನಗೆ ಬಂದಿರೋದು ತುಂಬಾ ಮಸುಕಾಗಿದೆ. ಯಾರ ಹತ್ರ ಆದ್ರೂ ಚೆನ್ನಾಗಿರೋದು ಇದ್ರೆ ಕಳ್ಸಿ. ಅಕ್ಕ ಫ್ರೇಮ್ ಹಾಕಿಸ್ಬೇಕಂತೆ.