ಕಾಣದ ಕದಿರು

ಬೈಲಹೊಂಗಲದ ಎರೆಹೊಲಗಳಲ್ಲಿ ಬೆಳೆದ ಹತ್ತಿಯು ಕದಿರಿನಲ್ಲಿ ನೂಲಾಗುತ್ತದೆ. ಅಂತಹುದೇ ಆಕಾರದ, ಕಣ್ಣಿಗೆ ಕಾಣದ ಕದಿರೊಂದು ಮನುಷ್ಯನ ಜೀವಕೋಶದಲ್ಲಿಯೂ ಮೂಡುತ್ತದೆ. ಕೋಶವು ಎರಡಾಗುವಾಗ, ನಕ್ಷತ್ರದಂತೆ ಕಿರಣ ಚಾಚಿದ ಎರಡು ಕೇಂದ್ರಗಳಿಂದ ಸೂಕ್ಷ್ಮನಳಿಕೆಗಳೆಂಬ ಎಳೆಗಳು ಹೊರಡುತ್ತವೆ. ಒಂದೊಂದರ ದಪ್ಪ ಮಿಲಿಮೀಟರಿನ 40,000ದಲ್ಲೊಂದು ಪಾಲು. ಇಮ್ಮಡಿಯಾದ 46 ವರ್ಣತಂತುಗಳನ್ನು ಅವು ಎರಡೂ ಬದಿಗೆ ಸಮನಾಗಿ ಹಂಚುತ್ತವೆ. ಈ ವಿಭಜನೆಯನ್ನು 1882ರಲ್ಲಿ ಜರ್ಮನಿಯ ವಾಲ್ಟರ್ ಫ್ಲೆಮಿಂಗರು ವಿವರಿಸಿದರು.

ಹೊಲದ ಪಾಲಿನಲ್ಲಿ ಗೇಣು ತಪ್ಪಿದರೆ ವ್ಯಾಜ್ಯ. ಇಲ್ಲಿ ತಂತು ತಪ್ಪಿದರೆ ರೋಗಕ್ಕೆ ದಾರಿ. ವಿಭಜನೆಯು ಅಂಕೆ ಮೀರಿದರೆ ಕ್ಯಾನ್ಸರ್. ಸವದತ್ತಿ, ರಾಮದುರ್ಗಗಳ ಅಂಗಳದಲ್ಲಿಯೂ ಅರಳುವ ಕಾಶಿಕಣಗಿಲೆಯಿಂದ ಪಡೆದ ವಿನ್‌ಕ್ರಿಸ್ಟೀನ್ ಆ ಕದಿರು ಕಟ್ಟದಂತೆ ತಡೆಯುತ್ತದೆ. ರಕ್ತದ ಕ್ಯಾನ್ಸರಿಗೆ ತುತ್ತಾದ ಎಷ್ಟೋ ಮಕ್ಕಳನ್ನು ಉಳಿಸಲು ನೆರವಾಗಿದೆ. ಗಿಡದ ರಸ ವಿಷ. ವೈದ್ಯರ ಅಳತೆಯಲ್ಲಿ ಅದೇ ಮದ್ದು.