ಉಳಿಸಿಕೊಳ್ಳುವುದೋ ಬಿಡುವುದೋ

2025ರ ಫೆಬ್ರವರಿಯಲ್ಲಿ ನಾವು ದಂಪತಿಗಳು ಅಮೆರಿಕದ ಟೆಕ್ಸಾಸ್ ರಾಜ್ಯದ ಅರ್ವಿಂಗ್ ಎಂಬ ಊರಿನಲ್ಲಿರುವ ಮಗನ ಮನೆಗೆ ಹೋಗಿ ಐದು ತಿಂಗಳು ಇದ್ದು ಬಂದೆವು. ಎಪ್ಪತ್ತು ದಾಟುವ ತನಕವೂ ಕಾಸರಗೋಡಿನ ಅಡಿಕೆ ತೋಟದ ನೆರಳನ್ನು ಬಿಟ್ಟು ಹೆಚ್ಚು ದೂರ ಹೋಗದ ನಮ್ಮಂಥವರಿಗೆ ಅಲ್ಲಿ ಹೊತ್ತು ಕಳೆಯುವುದೇ ಒಂದು ಕೆಲಸ. ಮಗ ಸೊಸೆಯರು ಕಚೇರಿಗೂ ಮೊಮ್ಮಗಳು ಶಾಲೆಗೂ ಹೋದ ಮೇಲೆ ಮನೆಯಲ್ಲಿ ಮಾತಿಗೆ ಉಳಿಯುವವರು ನಾವಿಬ್ಬರೇ. ಸಮ್ಮೇಳನದ ಸ್ಮರಣ ಸಂಚಿಕೆಗೆ ಲೇಖನ ಬೇಕೆಂದು ಸಂಘದ ಮಿತ್ರರು ಕೇಳಿದಾಗ ಒಂದು ಪ್ರವಾಸಕಥನವನ್ನು ಅವರು ನಿರೀಕ್ಷಿಸಿದ್ದಿರಬಹುದು. ಆದರೆ ಅಲ್ಲಿ ಕಂಡ ಸೇತುವೆ, ಸೌಧಗಳಿಗಿಂತ ಊಟದ ಮೇಜಿನ ಮೇಲೆ ಕಂಡ ಒಂದು ಆಟದ ಲೆಕ್ಕ ನಮ್ಮನ್ನು ಹೆಚ್ಚು ಕಾಡಿದೆ. ಅದನ್ನೇ ಇಲ್ಲಿ ನಿವೇದಿಸುತ್ತಿದ್ದೇವೆ.

ಬೇಸ್‌ಬಾಲ್ ಅಭಿಮಾನಿಗಳು ಅಲ್ಲಿ ಮನೆಯಲ್ಲೇ ಕುಳಿತು ಆಡುವ ಇನ್ನೊಂದು ಆಟವಿದೆ. ಫ್ಯಾಂಟಸಿ ಬೇಸ್‌ಬಾಲ್ ಎಂದು ಅದರ ಹೆಸರು. ಹತ್ತು ಹನ್ನೆರಡು ಮಂದಿ ಗೆಳೆಯರು ಸೇರಿ ಒಂದು ಕೂಟ ಕಟ್ಟುತ್ತಾರೆ. ಅವರಲ್ಲಿ ಪ್ರತಿಯೊಬ್ಬರೂ ಒಂದೊಂದು ಕಾಗದದ ತಂಡಕ್ಕೆ ಯಜಮಾನರು. ವೃತ್ತಿಪರ ತಂಡಗಳಲ್ಲಿ ಆಡುವ ನಿಜವಾದ ಆಟಗಾರರನ್ನು ಇವರು ತಮ್ಮೊಳಗೆ ಹರಾಜಿನಲ್ಲಿ ಕೊಳ್ಳುತ್ತಾರೆ. ಮೈದಾನದಲ್ಲಿ ಆ ಆಟಗಾರರು ದಿನದಿನವೂ ಗಳಿಸುವ ಅಂಕಿಗಳೇ ಕಾಗದದ ತಂಡದ ಗಳಿಕೆ. 1980ರಲ್ಲಿ ನ್ಯೂಯಾರ್ಕಿನ ಬರಹಗಾರ ಡೇನಿಯಲ್ ಓಕ್ರೆಂಟ್ ಮತ್ತು ಅವರ ಗೆಳೆಯರು ಈ ಹರಾಜಿನ ಆಟವನ್ನು ಆರಂಭಿಸಿದರು. ಅವರು ಊಟಕ್ಕೆ ಸೇರುತ್ತಿದ್ದ ‘ಲಾ ರೋಟಿಸರಿ ಫ್ರಾನ್ಸೇಸ್’ ಎಂಬ ಹೋಟೆಲಿನಿಂದಾಗಿ ಈ ಬಗೆಯ ಆಟಕ್ಕೆ ‘ರೋಟಿಸರಿ’ ಎಂಬ ಹೆಸರು ಇಂದಿಗೂ ನಿಂತಿದೆ. ಯಜಮಾನನೊಬ್ಬನ ಕೈಯಲ್ಲಿ ಲೆಕ್ಕಕ್ಕೆ 260 ಡಾಲರ್. ಅದರಲ್ಲಿ 23 ಮಂದಿಯನ್ನು ಕೊಳ್ಳಬೇಕು. ಇದು ಈಗ ರೂಢಿಯಲ್ಲಿರುವ ಕ್ರಮ.

ಮಗನ ಕೂಟದಲ್ಲಿ ಇನ್ನೂ ಒಂದು ನಿಯಮವಿತ್ತು. ಹಿಂದಿನ ವರ್ಷದ ತಂಡದಿಂದ ನಾಲ್ವರನ್ನು ಹರಾಜಿಗೆ ಬಿಡದೆ ಉಳಿಸಿಕೊಳ್ಳಬಹುದು. ಆದರೆ ಒಬ್ಬೊಬ್ಬರಿಗೂ ಹಿಂದೆ ಕೊಟ್ಟ ಬೆಲೆಗಿಂತ ಐದು ಡಾಲರ್ ಹೆಚ್ಚು ತೆರಬೇಕು. ನಮ್ಮ ಐಪಿಎಲ್ ತಂಡಗಳು ಹರಾಜಿಗೆ ಮೊದಲು ಕೆಲವರನ್ನು ಉಳಿಸಿಕೊಳ್ಳುವುದನ್ನು ಓದುಗರು ಬಲ್ಲರು. ನಮ್ಮ ಮನೆಯವರಿಗೆ ನೆನಪಾದದ್ದು ಯಕ್ಷಗಾನ ಮೇಳ. “ಪತ್ತನಾಜೆ ಕಳೆದ ಮೇಲೆ ಮುಂದಿನ ತಿರುಗಾಟಕ್ಕೆ ಯಾರನ್ನು ಇಟ್ಟುಕೊಳ್ಳುವುದು, ಯಾರನ್ನು ಬಿಡುವುದು ಎಂದು ಯಜಮಾನರು ಲೆಕ್ಕ ಹಾಕುವುದಿಲ್ಲವೇ? ಹಾಗೆಯೇ ಇದೂ” ಎಂದು ಅವರು ಒಂದೇ ಮಾತಿನಲ್ಲಿ ನಮಗೆ ವಿಷಯವನ್ನು ತಿಳಿಸಿಬಿಟ್ಟರು.

ಮಗ ಮೂವರನ್ನು ಆಗಲೇ ಗೊತ್ತುಮಾಡಿದ್ದ. ನಾಲ್ಕನೆಯ ಹೆಸರಿನಲ್ಲಿ ಸಿಕ್ಕಿಬಿದ್ದಿದ್ದ. ಅಲ್ಲಿನ ರೇಂಜರ್ಸ್ ತಂಡದ ಜೇಕಬ್ ಡಿಗ್ರಾಮ್ ಎಂಬವರು ಆ ಆಟದಲ್ಲಿ ಪಿಚರ್, ಎಂದರೆ ಚೆಂಡು ಎಸೆಯುವವರು. 2018ರಲ್ಲಿಯೂ 2019ರಲ್ಲಿಯೂ ಶ್ರೇಷ್ಠ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿಯನ್ನು ಪಡೆದವರು. ಒಂಬತ್ತು ಇನಿಂಗ್ಸ್‌ಗಳಿಗೆ ಎದುರಾಳಿಗೆ ಬಿಟ್ಟುಕೊಟ್ಟ ರನ್ನುಗಳ ಸರಾಸರಿ ಮೂರರ ಒಳಗಿದ್ದರೆ ಆ ಪಿಚರ್ ಬಹಳ ಒಳ್ಳೆಯವನೆಂದು ಲೆಕ್ಕ. 2021ರಲ್ಲಿ ಇವರದು 1.08. ಆದರೆ ಆ ವರ್ಷ ಅವರು ಆಡಿದ್ದು 15 ಪಂದ್ಯ ಮಾತ್ರ. ಮರುವರ್ಷ 11. ಐದು ವರ್ಷಕ್ಕೆ 18.5 ಕೋಟಿ ಡಾಲರ್ ಒಪ್ಪಂದ ಮಾಡಿಕೊಂಡು ಟೆಕ್ಸಾಸಿಗೆ ಬಂದ 2023ರಲ್ಲಿ ಆರು ಪಂದ್ಯ ಆಡುವಷ್ಟರಲ್ಲಿ ಮೊಣಕೈಯ ಶಸ್ತ್ರಚಿಕಿತ್ಸೆಯಾಯಿತು. ಆ ವರ್ಷವೇ ಅವರ ತಂಡ, ಅವರಿಲ್ಲದೆಯೇ, ವಿಶ್ವ ಸರಣಿಯನ್ನು ಗೆದ್ದಿತು. 2024ರ ಕೊನೆಗೆ ಬಂದು ಮೂರು ಪಂದ್ಯ ಆಡಿದರು. ಎಸೆತ ಮೊದಲಿನಷ್ಟೇ ಹರಿತವಾಗಿತ್ತು. ವಯಸ್ಸು ಮಾತ್ರ 36.

ಮಗ ಹಿಂದಿನ ವರ್ಷ ಅವರನ್ನು 12 ಡಾಲರಿಗೆ ಕೊಂಡಿದ್ದ. ಉಳಿಸಿಕೊಳ್ಳಲು 17 ತೆರಬೇಕು. ಹರಾಜಿಗೆ ಬಿಟ್ಟರೆ 20ಕ್ಕೆ ಹೋಗಬಹುದೆಂದು ಅವನ ಅಂದಾಜು. ಇನ್ನೊಂದು ಕಡೆ ಒಬ್ಬ ಸಾಧಾರಣ ಪಿಚರ್ ಇದ್ದ. ಮಿಂಚುವವನಲ್ಲ, ಆದರೆ ಒಂದು ಪಂದ್ಯವನ್ನೂ ತಪ್ಪಿಸದವನು. ಅವನಿಗೆ 9 ತೆರಬೇಕು, ಬೆಲೆ 12 ಬಾಳಬಹುದು. ಎರಡರಲ್ಲಿಯೂ ಲಾಭ ಮೂರೇ ಡಾಲರ್. ಗಣಿತದ ಅಧ್ಯಾಪಕನಾದವನಿಗೆ ಇಲ್ಲಿ ಕುತೂಹಲ ಹುಟ್ಟದೆ ಇರುತ್ತದೆಯೇ? ಮರುದಿನದಿಂದ ನಾವೂ ಒಂದು ನೋಟುಪುಸ್ತಕ ಹಿಡಿದು ಮೇಜಿನ ಇನ್ನೊಂದು ತುದಿಯಲ್ಲಿ ಕುಳಿತೆವು.

ಮೊದಲು ಕಲಿತ ಪಾಠ, ಆಟಗಾರನನ್ನು ಕುರಿತು ‘ಒಳ್ಳೆಯವನೇ?’ ಎಂದು ಕೇಳುವುದು ಅರ್ಧ ಪ್ರಶ್ನೆಯೆಂಬುದು. ‘ಈ ಬೆಲೆಗೆ ಒಳ್ಳೆಯವನೇ?’ ಎಂಬುದು ಪೂರ್ಣ ಪ್ರಶ್ನೆ. ಎರಡನೆಯದು, ಹರಾಜಿನ ಹಣದುಬ್ಬರ. ಎಲ್ಲರೂ ಅಗ್ಗಕ್ಕೆ ಸಿಕ್ಕಿದ ಒಳ್ಳೆಯವರನ್ನು ಉಳಿಸಿಕೊಂಡರೆ ಹರಾಜಿಗೆ ಬರುವ ಒಳ್ಳೆಯ ಆಟಗಾರರು ಕಡಿಮೆ, ಕಿಸೆಯಲ್ಲಿ ಉಳಿದ ಹಣ ಹೆಚ್ಚು. ಆಗ 20 ಬಾಳುವವನು 23ಕ್ಕೋ 24ಕ್ಕೋ ಹೋಗುತ್ತಾನೆ. ಆದ್ದರಿಂದ 17ಕ್ಕೆ ಬಿಟ್ಟುಕೊಟ್ಟವನನ್ನು ಅದೇ ಬೆಲೆಗೆ ಮರಳಿ ಕೊಳ್ಳುವೆನೆಂದು ನಂಬುವಂತಿಲ್ಲ. ಮೂರನೆಯದು ನಮ್ಮ ಎಣಿಕೆಯನ್ನೇ ತಲೆಕೆಳಗು ಮಾಡಿತು. ಗಾಯಗೊಂಡವನನ್ನು ಬೇರೆ ಪಟ್ಟಿಗೆ ಸರಿಸಿ, ಯಾರೂ ಕೊಳ್ಳದೆ ಉಳಿದವರಲ್ಲಿ ಒಬ್ಬನನ್ನು ಆ ಜಾಗಕ್ಕೆ ತರಬಹುದು. ಅರ್ಧ ವರ್ಷ ಶ್ರೇಷ್ಠನೊಬ್ಬ, ಉಳಿದರ್ಧ ಸಾಮಾನ್ಯನೊಬ್ಬ. ಇಬ್ಬರ ಮೊತ್ತ ಇಡೀ ವರ್ಷದ ಮಧ್ಯಮನಿಗಿಂತ ಕಡಿಮೆಯಾಗಬೇಕೆಂದಿಲ್ಲ. ನಿಜವಾಗಿ ಹೆದರಬೇಕಾದದ್ದು ಗಾಯಕ್ಕಲ್ಲ, ನೋವನ್ನು ಮುಚ್ಚಿಟ್ಟು ಕೆಟ್ಟದಾಗಿ ಆಡುತ್ತ ದಿನವೂ ಲೆಕ್ಕ ಕೆಡಿಸುವುದಕ್ಕೆ.

“ಮಂಡಿ ನೋವಿನ ಪುಂಡುವೇಷದವರನ್ನು ಇಟ್ಟುಕೊಂಡು, ಪಕ್ಕದಲ್ಲಿ ಇನ್ನೊಬ್ಬ ಹುಡುಗನನ್ನು ತಯಾರು ಮಾಡಿದ ಹಾಗೆ” ಎಂದರು ನಮ್ಮ ಮನೆಯವರು, ಹಪ್ಪಳ ತಂದಿಡುತ್ತ.

ಮೊಣಕೈಯ ಕಥೆಯನ್ನೂ ಮಗ ಹೇಳಿದ. ಅದರ ಒಳಬದಿಯ ಅಸ್ಥಿಬಂಧ ಹರಿದರೆ ಒಂದು ಕಾಲದಲ್ಲಿ ಪಿಚರ್‌ನ ಬಾಳು ಮುಗಿದಂತೆಯೇ. 1974ರಲ್ಲಿ ಡಾ. ಫ್ರಾಂಕ್ ಜೋಬ್ ಎಂಬ ವೈದ್ಯರು ಟಾಮಿ ಜಾನ್ ಎಂಬ ಆಟಗಾರನ ಎಡಗೈಗೆ, ಬಲಗೈಯಿಂದಲೇ ತೆಗೆದ ಸ್ನಾಯುರಜ್ಜುವನ್ನು ಕಸಿಮಾಡಿದರು. 1975ನ್ನು ಪೂರ್ತಿ ಕಳೆದುಕೊಂಡ ಆ ಆಟಗಾರ 1976ರಲ್ಲಿ ಮರಳಿ ಬಂದು 1989ರ ವರೆಗೆ ಆಡಿದ. ಚಿಕಿತ್ಸೆಯ ಅನಂತರವೇ 164 ಪಂದ್ಯ ಗೆದ್ದ. ಇಂದು ಆ ಚಿಕಿತ್ಸೆಗೆ ಅವನದೇ ಹೆಸರು. ಡಿಗ್ರಾಮ್ ಅವರಿಗೆ ಅದು ಆದದ್ದು ಎರಡು ಸಲ. ಮೊದಲನೆಯದು 2010ರಲ್ಲಿ, ಇನ್ನೂ ಹೆಸರು ಮಾಡದಿದ್ದ ಕಾಲದಲ್ಲಿ. ಆಗ ಅವರನ್ನು ಬಿಟ್ಟುಬಿಟ್ಟಿದ್ದರೆ ಕೇಳುವವರಿರಲಿಲ್ಲ. ಆದರೆ ಅಂದಿನ ಅವರ ತಂಡ ಬಿಡಲಿಲ್ಲ. 2014ರಲ್ಲಿ ಅವರು ಆ ಸಾಲಿನ ಶ್ರೇಷ್ಠ ಹೊಸ ಆಟಗಾರರೆನಿಸಿದರು.

ಇದನ್ನು ಹೇಳಿ ಮಗ ನಗುತ್ತ ಕೇಳಿದ: “ಅಪ್ಪಾ, ನೀವು ಅಷ್ಟು ವರ್ಷ ಮಕ್ಕಳ ಫಲಿತಾಂಶದ ಲೆಕ್ಕ ಹಾಕಿದವರು. ನೀವಾದರೆ ಉಳಿಸಿಕೊಳ್ಳುತ್ತಿದ್ದಿರೋ, ಬಿಡುತ್ತಿದ್ದಿರೋ?”

ಅವನಿಗೆ ಗೊತ್ತಿರಲಿಲ್ಲ, ಆ ಪ್ರಶ್ನೆಗೆ ನಾವು ಒಮ್ಮೆ ಉತ್ತರ ಕೊಟ್ಟಾಗಿತ್ತು ಎಂದು.

ತೊಂಬತ್ತರ ದಶಕದ ಮಾತು. ನಮ್ಮದು ಗಡಿನಾಡಿನ ಒಂದು ಕನ್ನಡ ಮಾಧ್ಯಮ ಪ್ರೌಢಶಾಲೆ. ಎಸ್ಸೆಸ್ಸೆಲ್ಸಿಯಲ್ಲಿ ಎರಡು ವರ್ಷ ಸತತ ನೂರಕ್ಕೆ ನೂರು ಫಲಿತಾಂಶ ಬಂದಿತ್ತು. ಇದು ಬರಿಯ ಹೆಮ್ಮೆಯ ಸಂಗತಿಯಾಗಿರಲಿಲ್ಲ. ಮಕ್ಕಳ ತಲೆಯೆಣಿಕೆಯ ಮೇಲೆ ತರಗತಿಯ ವಿಭಾಗ, ವಿಭಾಗದ ಮೇಲೆ ಅಧ್ಯಾಪಕರ ಹುದ್ದೆ. ಹೆತ್ತವರು ಒಬ್ಬೊಬ್ಬರಾಗಿ ಮಕ್ಕಳನ್ನು ಬೇರೆ ಮಾಧ್ಯಮಕ್ಕೆ ಸೇರಿಸತೊಡಗಿದ್ದ ಕಾಲದಲ್ಲಿ ‘ಕನ್ನಡ ಶಾಲೆಯಲ್ಲಿಯೂ ನೂರಕ್ಕೆ ನೂರು’ ಎಂಬ ಫಲಕವೊಂದೇ ನಮ್ಮ ಕೈಯಲ್ಲಿದ್ದ ಬಂಡವಾಳ. ಒಂಬತ್ತರಲ್ಲಿ ಒಬ್ಬ ಹುಡುಗನಿದ್ದ. ತಾಯಿ ಬೀಡಿ ಕಟ್ಟಿ ಸಾಕುತ್ತಿದ್ದರು. ಗಣಿತದಲ್ಲಿ ಅಧ್ಯಾಪಕರ ಮೊದಲೇ ಉತ್ತರ ಹೇಳುವವನು. ಆದರೆ ಮಳೆಗಾಲ ಬಂದರೆ ಉಬ್ಬಸ. ಆಟಿ ತಿಂಗಳಿಡೀ ಅವನ ಬೆಂಚು ಖಾಲಿ. ಬಂದ ತಿಂಗಳು ಪ್ರಥಮ ದರ್ಜೆ, ಬಾರದ ತಿಂಗಳು ಸೊನ್ನೆ. ಅಂದು ತೇರ್ಗಡೆಗೆ 600ರಲ್ಲಿ 210 ಅಂಕ ಬೇಕಿತ್ತು. ಅವನು 400 ತೆಗೆಯಬಹುದು, ಪರೀಕ್ಷೆಗೇ ಬಾರದೆಯೂ ಇರಬಹುದು.

ಹಾಜರಿಯ ಕೊರತೆಯನ್ನು ಮನ್ನಿಸಲು ಶಿಫಾರಸು ಬರೆಯಬಹುದಿತ್ತು. ನಾವು ಬರೆಯಲಿಲ್ಲ. ಅಧ್ಯಾಪಕರ ಸಭೆಯಲ್ಲಿ ಎರಡು ಗಂಟೆ ಚರ್ಚಿಸಿ ಅವನನ್ನು ಒಂಬತ್ತರಲ್ಲಿಯೇ ಕೂರಿಸಿದೆವು. ‘ಇನ್ನೊಂದು ವರ್ಷ ಓದಿ ಗಟ್ಟಿಯಾಗಲಿ’ ಎಂದು ತಾಯಿಗೆ ಹೇಳಿ ಕಳುಹಿಸಿದೆವು. ಜೂನ್ ತಿಂಗಳಲ್ಲಿ ಅವನು ಶಾಲೆಗೆ ಬರಲಿಲ್ಲ. ಸೋದರಮಾವನ ಜೊತೆ ಮುಂಬಯಿಗೆ, ಹೋಟೆಲಿನ ಕೆಲಸಕ್ಕೆ ಹೋದನೆಂದು ತಿಳಿಯಿತು. ಮರುವರ್ಷ ಮೂರನೆಯ ಸಲ ನೂರಕ್ಕೆ ನೂರು ಬಂತು. ಹಾರ ತುರಾಯಿಗಳಾದವು. ಅವನ ವರ್ಗಾವಣೆ ಪತ್ರವನ್ನು ಕೇಳಿಕೊಂಡು ಯಾರೂ ಬರಲಿಲ್ಲ. ನಾವು ನಿವೃತ್ತರಾಗಿ ಬೀಗದ ಕೈ ಒಪ್ಪಿಸಿದ ದಿನವೂ ಅದು ಕಚೇರಿಯ ಕಪಾಟಿನಲ್ಲಿಯೇ ಇತ್ತು.

ಈ ಲೇಖನದುದ್ದಕ್ಕೂ ‘ನಾವು’ ಎಂದೇ ಬರೆದಿದ್ದೇವೆ, ವಯಸ್ಸಾದವರ ರೂಢಿ. ಆದರೆ ಆ ಹುಡುಗನ ವಿಚಾರದಲ್ಲಿ ‘ನಾವು’ ಎಂಬುದು ಒಂದು ಮರೆ. ಸಭೆಯಲ್ಲಿ ಹನ್ನೊಂದು ಮಂದಿ ಇದ್ದರೂ ಕಡತದ ಮೇಲಿದ್ದ ಸಹಿ ಒಂದೇ, ಅದು ಮುಖ್ಯೋಪಾಧ್ಯಾಯರದು.

ಅಂದಿನ ಲೆಕ್ಕಕ್ಕೂ ಮಗನ ಮೇಜಿನ ಲೆಕ್ಕಕ್ಕೂ ವ್ಯತ್ಯಾಸವಿಲ್ಲ ಎಂದು ಕಂಡಾಗ ಆ ರಾತ್ರಿ ನಿದ್ರೆ ಬರಲಿಲ್ಲ. ಮಗ ಡಿಗ್ರಾಮ್ ಅವರನ್ನು ಬಿಟ್ಟರೂ ಡಿಗ್ರಾಮ್ ಅವರಿಗೆ ಆಗುವ ನಷ್ಟ ಏನೂ ಇಲ್ಲ. ತಮ್ಮನ್ನು ಯಾರೋ 17 ಡಾಲರಿಗೆ ತೂಗಿದರೆಂಬುದು ಅವರಿಗೆ ತಿಳಿಯುವುದೂ ಇಲ್ಲ. ಲೆಕ್ಕ ತಪ್ಪಿದರೆ ತೆರುವವನು ಲೆಕ್ಕ ಹಾಕಿದವನೇ. ಶಾಲೆಯಲ್ಲಿ ಲೆಕ್ಕ ಹಾಕಿದವರು ನಾವು, ತೆತ್ತವನು ಅವನು. ಇದಲ್ಲದೆ ಆ ಆಟದಲ್ಲಿ ಗಾಯಾಳುವಿಗೂ ತಂಡದೊಳಗೆ ಒಂದು ಜಾಗವಿದೆ. ಬೇರೆ ಪಟ್ಟಿಯಲ್ಲಿ ಕಾಯಬಹುದು, ಗುಣವಾದ ಮೇಲೆ ಮರಳಬಹುದು. ಉಬ್ಬಸದ ಹುಡುಗನಿಗೆ ಅಂಥ ಒಂದು ಪಟ್ಟಿಯನ್ನು ಮಾಡಲು ನಮಗೆ ತೋಚಲಿಲ್ಲ. ಮಳೆಗಾಲದಲ್ಲಿ ಯಾರಾದರೊಬ್ಬ ಸಹಪಾಠಿಯ ಕೈಯಲ್ಲಿ ಪಾಠದ ಟಿಪ್ಪಣಿಗಳನ್ನು ಅವನ ಮನೆಗೆ ಕಳುಹಿಸಬಹುದಿತ್ತು. ಖರ್ಚು ಒಂದು ನೋಟುಪುಸ್ತಕದ್ದು.

ಬೆಳಿಗ್ಗೆ ಮಗನಿಗೆ ಇಷ್ಟೇ ಹೇಳಿದೆವು: “ನಷ್ಟ ನಿನ್ನದೇ ಆಗುವುದಾದರೆ ಧೈರ್ಯ ಮಾಡು. ಹದಿನೇಳು ಕಳೆದುಕೊಂಡರೂ ಉಳಿದವರಿಂದ ತಂಡ ನಿಲ್ಲುತ್ತದೆಯೇ ಎಂದು ಮಾತ್ರ ನೋಡಿಕೋ.” ಅವನು ಉಳಿಸಿಕೊಂಡ. ಕೈಗೆ ಕಾವಲಾಗಿ ಹರಾಜಿನ ಕೊನೆಗೆ ಒಂದೊಂದು ಡಾಲರಿಗೆ ಇಬ್ಬರು ಆರೋಗ್ಯವಂತ ಪಿಚರ್‌ಗಳನ್ನೂ ಕೊಂಡ.

ಮೇ ತಿಂಗಳ ಒಂದು ಸಂಜೆ ಆರ್ಲಿಂಗ್ಟನ್‌ನ ಕ್ರೀಡಾಂಗಣಕ್ಕೆ ಮಗ ನಮ್ಮನ್ನು ಕರೆದೊಯ್ದ. ಅಂದು ಡಿಗ್ರಾಮ್ ಅವರ ಸರದಿ. ಸಪೂರವಾದ ನೀಳ ಆಳು. ಆಟದ ಸೂಕ್ಷ್ಮಗಳು ನಮಗೆ ತಿಳಿಯಲಿಲ್ಲ. ಪ್ರತಿ ಎಸೆತಕ್ಕೂ ಕಣ್ಣು ಆ ಮೊಣಕೈಯ ಮೇಲೆಯೇ ಇತ್ತು. ನಮ್ಮ ಮನೆಯವರಂತೂ “ಪಾಪ, ಸಾಕು, ಒಳಗೆ ಕಳುಹಿಸಲಿ” ಎನ್ನುತ್ತಿದ್ದರು. ಆ ವರ್ಷ ಅವರು 30 ಪಂದ್ಯಗಳಲ್ಲಿ ಎಸೆದರು, ಸರಾಸರಿ 2.97. ಮರಳಿ ಬಂದವರಲ್ಲಿ ಶ್ರೇಷ್ಠರೆಂಬ ಪುರಸ್ಕಾರವೂ ಸಂದಿತು. ಊರಿಗೆ ಬಂದ ಮೇಲೆ ಮಗ ಫೋನಿನಲ್ಲಿ ಈ ಸುದ್ದಿ ಹೇಳಿ, “ನಿಮ್ಮ ಲೆಕ್ಕ ಸರಿಯಾಯಿತು ಅಪ್ಪಾ” ಎಂದ. ಲೆಕ್ಕ ಸರಿಯಾದದ್ದಲ್ಲ, ಕೈ ನಿಂತದ್ದು. ಮೂರನೆಯ ಪಂದ್ಯದಲ್ಲಿಯೇ ಅದು ಮತ್ತೆ ಹರಿದಿದ್ದರೂ ಆ ನಿರ್ಧಾರ ತಪ್ಪೆಂದು ನಾವು ಹೇಳುತ್ತಿರಲಿಲ್ಲ. ನೂರಕ್ಕೆ ನೂರು ಬಂದಿತೆಂದು ಅಂದಿನ ನಮ್ಮ ನಿರ್ಧಾರ ಸರಿಯಾಗಲಿಲ್ಲವಷ್ಟೇ.

ಈ ಸಲ ಉಳಿಸಿಕೊಳ್ಳಲು 22 ಡಾಲರ್ ತೆರಬೇಕಂತೆ, ವಯಸ್ಸು ಇನ್ನೊಂದು ಏರಿದೆ. ಮಗ ಮತ್ತೆ ಕೇಳುತ್ತಿದ್ದಾನೆ. ಅದರ ಲೆಕ್ಕವನ್ನು ಅವನೇ ಹಾಕಿಕೊಳ್ಳಲಿ. ಊರಿಗೆ ಬಂದ ವಾರವೇ ನಾವು ಹಳೆಯ ಶಾಲೆಗೆ ಹೋಗಿದ್ದೆವು. ಈಗಿನ ಮುಖ್ಯೋಪಾಧ್ಯಾಯಿನಿ ನಮ್ಮ ಶಿಷ್ಯೆ. ಕಪಾಟು ತೆಗೆಸಿ ಹುಡುಕಿಸಿದರು. ಗೆದ್ದಲು ತಿನ್ನದೆ ಉಳಿದ ಕಟ್ಟಿನಲ್ಲಿ ಆ ಪತ್ರ ಸಿಕ್ಕಿತು. ಅವನ ತಾಯಿಯ ಮನೆಯ ಕಡೆಯವರಿಂದ ವಿಳಾಸ ಕೇಳಿ ತರಿಸಿದ್ದೇವೆ. ಪತ್ರವನ್ನು ಅಂಚೆಯಲ್ಲಿ ಕಳುಹಿಸಬೇಕೋ, ಮುಂಬಯಿಗೆ ಹೋಗಿ ಕೈಯಲ್ಲೇ ಕೊಡಬೇಕೋ ಎಂದು ನಮ್ಮ ಮನೆಯವರನ್ನು ಕೇಳಿದೆವು. ಅವರು ರೈಲಿನ ಸಮಯ ನೋಡಲು ಹೇಳಿದರು.