ಅಂಗಳದ ಮರ, ಮಂಗನ ಮರ್ಜಿ

ಬೆಂಗಳೂರಿನಲ್ಲಿ ದುಡಿದು ಊರಿಗೆ ಮರಳಿದವರು ಮನೆ ಕಟ್ಟಿಸಿ, ಒಕ್ಕಲಾಗಿ, ನೆಂಟರನ್ನೆಲ್ಲ ಬಸ್ಸು ಹತ್ತಿಸಿದ ಮೇಲೆ ಒಂದು ಪ್ರಶ್ನೆ ಉಳಿದುಕೊಳ್ಳುತ್ತದೆ. "ಭಾವ, ಎದುರಿಗೆ ಎಂತ ಮರ ಹಾಕದು? ನೋಡಕ್ಕೆ ಚಂದ ಇರದಾ, ತಿನ್ನಕ್ಕೆ ಆಗದಾ?" ಕೊಪ್ಪ, ಶೃಂಗೇರಿ, ಎನ್.ಆರ್.ಪುರದ ಕಡೆ ಈ ಪ್ರಶ್ನೆ ಹೊಸದು. ಹಿಂದೆ ಕೇಳುವ ಅಗತ್ಯವೇ ಬರುತ್ತಿರಲಿಲ್ಲ. ಮನೆಗಿಂತ ಮೊದಲೇ ಜಾಗದಲ್ಲಿ ಒಂದು ಹಲಸಿನ ಮರ ಇರುತ್ತಿತ್ತು. ಅದನ್ನು ತಪ್ಪಿಸಿ ಪಾಯ ತೆಗೆಯುತ್ತಿದ್ದರು, ಅಷ್ಟೆ.

ಈಗ ಜೆಸಿಬಿ ಬಂದು ಗುಡ್ಡವನ್ನೇ ಮಟ್ಟ ಮಾಡುತ್ತದೆ. ಮಟ್ಟ ಮಾಡಿದ ಬೋಳು ಜಾಗಕ್ಕೆ ನರ್ಸರಿಯಿಂದ ಮೊದಲು ಬಂದಿಳಿಯುವುದು ಪಾಮ್ ಗಿಡ. ಸುತ್ತ ಎಕರೆಗಟ್ಟಲೆ ಅಡಿಕೆ ತೋಟ ಇರುವವರು ಗೇಟಿನ ಎರಡೂ ಬದಿಗೆ ದುಡ್ಡು ಕೊಟ್ಟು ತಂದ ಪಾಮ್ ನಿಲ್ಲಿಸುತ್ತಾರೆ. ಅದೂ ಅಡಿಕೆಯ ಕುಲದ್ದೇ. ಒಂದು ಕ್ಯೂಬಾ ಕಡೆಯದು, ಇನ್ನೊಂದು ಆಸ್ಟ್ರೇಲಿಯಾದ್ದು. ಕೊಟ್ಟಿಗೆ ತುಂಬ ಹಸು ಕಟ್ಟಿಕೊಂಡವನು ಜಗಲಿಯ ಮೇಲೆ ಸಿಮೆಂಟಿನ ಹಸು ಇಟ್ಟ ಹಾಗೆ. ಅಡಿಕೆಗೆ ಹಳದಿ ಎಲೆ ರೋಗ ಬಂದು ಶೃಂಗೇರಿ, ಕೊಪ್ಪದ ತೋಟಗಳು ಸೊರಗಿ ದಶಕಗಳೇ ಆದವು, ಅದರ ಮೇಲೆ ಎಲೆಚುಕ್ಕೆಯೂ ಬಂತು. ಗೇಟಿನ ಪಾಮ್ ಮಾತ್ರ ಹಸಿರಾಗಿ ನಗುತ್ತಿದೆ. ಅದಕ್ಕೇನು, ಕೊನೆ ಬಿಟ್ಟು ಸಂಸಾರ ಸಾಕುವ ಜವಾಬ್ದಾರಿ ಇಲ್ಲವಲ್ಲ.

ಹೂವಿನ ಮರಗಳ ಮೇಲೆ ನನಗೆ ಹಗೆಯಿಲ್ಲ. 1908ರಲ್ಲಿ ಲಾಲ್‌ಬಾಗಿಗೆ ಬಂದ ಜರ್ಮನಿಯ ಕ್ರುಂಬಿಗಲ್ ಬೆಂಗಳೂರಿನ ರಸ್ತೆಗಳಿಗೆ ಮರ ಆರಿಸುವಾಗ ಒಂದರ ಹೂವು ಮುಗಿಯುವಷ್ಟರಲ್ಲಿ ಇನ್ನೊಂದು ಅರಳಬೇಕೆಂದು ಲೆಕ್ಕ ಹಾಕಿದ್ದ. ರಸ್ತೆಗೆ ಅದು ಸರಿ. ರಸ್ತೆಬದಿಯಲ್ಲಿ ಹಣ್ಣಿನ ಮರ ಇದ್ದರೆ ಕಲ್ಲು ಬೀಳುವುದು ಯಾರದೋ ಕಾರಿನ ಗಾಜಿಗೆ. ನಮ್ಮದು ರಸ್ತೆಯಲ್ಲ, ಅಂಗಳ. ಗುಲ್‌ಮೊಹರನ್ನೇ ನೋಡಿ. ಮಡಗಾಸ್ಕರದ ಈ ಮರ ಮೇ ತಿಂಗಳಲ್ಲಿ ಕೆಂಪಗೆ ಉರಿಯುವುದನ್ನು ಕೊಪ್ಪದ ಬಸ್ ಸ್ಟ್ಯಾಂಡಿಗೆ ಹೋಗುವಾಗ ನಿಂತು ನೋಡುವವನೇ ನಾನು. ಆದರೆ ಅದರ ಮರ ಮೆದು, ಬೇರು ಆಳಕ್ಕೆ ಹೋಗುವುದಿಲ್ಲ. ಜೂನ್‌ನಲ್ಲಿ ಗಾಳಿಮಳೆ ಹಿಡಿಯಿತೆಂದರೆ ಮೊದಲು ಕೊಂಬೆ ಬರುವುದು ಹೆಂಚಿನ ಮೇಲೆ, ಆಮೇಲೆ ಕರೆಂಟಿನ ತಂತಿಯ ಮೇಲೆ. ಹದಿನೈದು ದಿನದ ಚಂದಕ್ಕೆ ವಾರಗಟ್ಟಲೆ ಕತ್ತಲೆ.

ಹಾಗಂತ ನಮ್ಮ ಹಿರಿಯರಿಗೆ ಹೂವಿನ ಮರ ಗೊತ್ತಿರಲಿಲ್ಲವೆಂದಲ್ಲ. ಸಂಪಿಗೆ ಇತ್ತು, ಪಾರಿಜಾತ ಇತ್ತು, ರಂಜ ಇತ್ತು, ಸುರಗಿ ಇತ್ತು. ಎಲ್ಲಕ್ಕೂ ಒಂದು ಷರತ್ತು: ಹೂವು ದೇವರ ತಲೆಗಾದರೂ ಹೋಗಬೇಕು, ಹೆಂಗಸರ ಜಡೆಗಾದರೂ ಹೋಗಬೇಕು. ಸುರಗಿಯ ವಿಷಯ ಬಂದರೆ ನನಗೆ ಮಾತು ನಿಲ್ಲುವುದಿಲ್ಲ. ಚಳಿ ಕಳೆಯುವ ಹೊತ್ತಿಗೆ ಕೊಂಬೆಗೆ ಅಂಟಿಕೊಂಡೇ ಬಿಳಿ ಹೂವು ಬಿರಿಯುತ್ತದೆ. ನಸುಕಿನಲ್ಲೇ ಏಣಿ ಹಾಕಬೇಕು, ತಡವಾದರೆ ಜೇನುಹುಳುಗಳದೇ ರಾಜ್ಯ. ಪೋಣಿಸಿದ ಸರ ಒಣಗಿದ ಮೇಲೂ ಪೆಟ್ಟಿಗೆಯಲ್ಲಿ ತಿಂಗಳುಗಟ್ಟಲೆ ಪರಿಮಳ ಬೀರುತ್ತದೆ. ಇಂಥ ಗುಣ ಯಾವ ನರ್ಸರಿಯ ಪಾಮಿಗಿದೆ? ರಂಜದ ಹೂವೂ ಹಾಗೆಯೇ, ಬಾಡಿದರೂ ಘಮ ಬಿಡದು. ಅದರ ಕೇಸರಿ ಹಣ್ಣನ್ನು ನಾವು ಶಾಲೆಗೆ ಹೋಗುವಾಗ ಹೆಕ್ಕಿ ತಿನ್ನುತ್ತಿದ್ದೆವು. ಒಗರು, ಹಿಟ್ಟುಹಿಟ್ಟು, ಬಾಯೆಲ್ಲ ಅಂಟು. ಹಾಗಾದರೆ ರಂಜ ಅಲಂಕಾರದ ಮರವೋ ಹಣ್ಣಿನ ಮರವೋ, ಹೇಳಿ ನೋಡುವ.

ಇನ್ನು ಬೇಸಿಗೆಯಲ್ಲಿ ತುಂಗೆಯ ದಂಡೆಗೋ ಯಾವುದಾದರೂ ಹಳ್ಳದ ಬದಿಗೋ ಹೋದರೆ ಹೊಳೆದಾಸವಾಳ ನೇರಳೆ ಬಣ್ಣ ಚೆಲ್ಲಿಕೊಂಡು ನಿಂತಿರುತ್ತದೆ. ಮಹಾರಾಷ್ಟ್ರದವರು ಅದನ್ನು ರಾಜ್ಯದ ಹೂವು ಮಾಡಿಕೊಂಡರು. ನಮ್ಮ ಕಕ್ಕೆಯ ಹಳದಿ ಗೊಂಚಲನ್ನು ಕೇರಳದವರು ವಿಷುವಿಗೆ ಕಣಿ ಇಟ್ಟು ರಾಜ್ಯದ ಹೂವು ಎಂದರು. ಅಷ್ಟಕ್ಕೇ ಬಿಡದೆ 2018ರಲ್ಲಿ ಹಲಸನ್ನೂ ರಾಜ್ಯದ ಹಣ್ಣೆಂದು ಘೋಷಿಸಿದರು. ನೆರೆಯವರು ನಮ್ಮ ಹಿತ್ತಲಿನ ಮರಗಳಿಗೆಲ್ಲ ಪಟ್ಟ ಕಟ್ಟುತ್ತಿರುವಾಗ ನಾವು ಆಸ್ಟ್ರೇಲಿಯಾದ ಗಿಡಕ್ಕೆ ಗೊಬ್ಬರ ಹೊರುತ್ತಿದ್ದೇವೆ.

ಹಲಸಿನ ಮಾತು ಬಂತಲ್ಲ. ಮಲೆನಾಡಿನ ಮನೆಗೆ ಅದು ಬರೀ ಹಣ್ಣಿನ ಮರವಲ್ಲ. ಎಳೆಯ ಗುಜ್ಜೆ ಪಲ್ಯಕ್ಕೆ, ಬಲಿತದ್ದು ಹಪ್ಪಳಕ್ಕೆ, ಉಪ್ಪಿನಲ್ಲಿ ಹಾಕಿಟ್ಟ ಸೊಳೆ ಮಳೆಗಾಲಕ್ಕೆ, ಹಣ್ಣು ಕಡುಬಿಗೆ, ಬೀಜ ಸಾರಿಗೆ, ಸಿಪ್ಪೆ ದನಕ್ಕೆ, ಎಲೆ ಆಡಿಗೆ. ಬಕ್ಕೆಯೋ ಅಂಬಲಿಯೋ ಎಂಬ ವಾದಕ್ಕೆ ನಾನು ಇಳಿಯುವುದಿಲ್ಲ, ಅಂಬಲಿ ಹಲಸನ್ನು ಮೆಚ್ಚುವವರ ಜೊತೆ ವಾದ ಮಾಡಿ ಉಪಯೋಗವಿಲ್ಲ. ಮೂವತ್ತು ಕೆ.ಜಿ.ಯ ಹಣ್ಣನ್ನು ಹೊತ್ತು ತಂದು ಕೊಯ್ಯಲು ಮನೆಯಲ್ಲಿ ಇಬ್ಬರೇ ಇರುವ ಕಾಲದಲ್ಲಿ ಚಿಕ್ಕ ಕಾಯಿಯ ತಳಿ ಬೇಕೆನ್ನುವವರಿಗೆ ತುಮಕೂರು ಕಡೆಯ 'ಸಿದ್ದು' ಇದೆ. ಕಾಯಿ ಎರಡೂವರೆ ಕೆ.ಜಿ. ಆಸುಪಾಸು, ಸೊಳೆ ತಾಮ್ರಗೆಂಪು.

ಮಾವಿನ ಆಸೆ ಇದ್ದವರು ಊರು ನೋಡಿಕೊಂಡು ಆಸೆ ಪಡಬೇಕು. ಭದ್ರಾ ಹಿನ್ನೀರಿನ ಎನ್.ಆರ್.ಪುರದ ಕಡೆ ಮಳೆ ಸ್ವಲ್ಪ ಹಗುರ, ಕಸಿ ಮಾವು ಒಂದಿಷ್ಟು ಮರ್ಯಾದೆ ಉಳಿಸುತ್ತದೆ. ಶೃಂಗೇರಿಯಲ್ಲಿ ಆಪೂಸು ನೆಟ್ಟರೆ ಹೂವು ಬಿಡುವಾಗ ಮಂಜು, ಜಿಗಿಹುಳು, ಹಣ್ಣಾಗುವಾಗ ಮಳೆ. ಕೊಯ್ದರೆ ಒಳಗೆ ಹುಳ. ನಮ್ಮದು ಮಿಡಿಯ ಸೀಮೆ. ಜೀರಿಗೆ ಪರಿಮಳದ ಕಾಡುಮಾವಿನ ಮಿಡಿಯನ್ನು ಮಳೆ ಬರುವ ಎಷ್ಟೋ ಮೊದಲೇ ಕೊಯ್ದು ಉಪ್ಪಿಗೆ ಹಾಕಿದರೆ ಹುಳಕ್ಕೂ ಸಿಗುವುದಿಲ್ಲ, ಮಳೆಗೂ ಸಿಗುವುದಿಲ್ಲ. ಹಣ್ಣಾಗುವವರೆಗೆ ಕಾಯಬಾರದ ಹಣ್ಣಿನ ಮರವೆಂದರೆ ಇದೇ.

ಇಷ್ಟೆಲ್ಲ ಹೇಳಿದರೂ ಭಾವ ತಲೆ ಅಲ್ಲಾಡಿಸುತ್ತಾನೆ. "ಅದೆಲ್ಲ ಸರಿ ಮಾರಾಯ, ಮಂಗ ಬಿಡಬೇಕಲ್ಲ?"

ಇದು ನಿಜವಾದ ಮಾತು. ಈಗ ನಮ್ಮ ಕಡೆ ಯಾವ ಮರ ನೆಡಬೇಕೆಂದು ತೀರ್ಮಾನ ಮಾಡುವವನು ಮನೆ ಯಜಮಾನನಲ್ಲ, ಮಂಗ. ಪೇರಳೆ ಕಾಯಿ ಇರುವಾಗಲೇ ಕಚ್ಚಿ ಎಸೆಯುತ್ತದೆ. ಬಾಳೆಗೊನೆ, ಎಳನೀರು, ಕೋಕೋ, ಏಲಕ್ಕಿ ಯಾವುದನ್ನೂ ಬಿಡುವುದಿಲ್ಲ. ರಂಬುಟಾನ್ ನೆಟ್ಟವರು ಮರಕ್ಕೇ ಬಲೆ ಹೊದಿಸಿ ಕಾಯುತ್ತಾರೆ. ಹಲಸು ಹಣ್ಣಾದರೆ ಎನ್.ಆರ್.ಪುರದ ಕಾಡಂಚಿನವರಿಗೆ ಇನ್ನೂ ದೊಡ್ಡ ಅತಿಥಿಯ ಭಯ. ಆನೆಗೆ ಹಲಸಿನ ವಾಸನೆ ದೂರದಿಂದಲೇ ಸಿಗುತ್ತದೆ, ಅದಕ್ಕೆ ಎಷ್ಟೋ ಕಡೆ ಕಾಯಿಯಿದ್ದಾಗಲೇ ಕೆಡವಿಬಿಡುತ್ತಾರೆ. "ಅದಕ್ಕೇ ಪಾಮ್ ಹಾಕಿದ್ದು" ಎನ್ನುವವರ ಬಾಯಿ ಮುಚ್ಚಿಸುವುದು ಸುಲಭವಲ್ಲ. ಆದರೆ ಹೂವಿನ ಗಿಡ ಹಾಕಿದರೆ ಮಂಗ ಬರುವುದಿಲ್ಲವೆಂಬುದು ಭ್ರಮೆ. ದಾಸವಾಳದ ಮೊಗ್ಗನ್ನು ಅದು ದೇವರಿಗಿಂತ ಮೊದಲು ಕೊಯ್ಯುತ್ತದೆ. ಹೆಂಚು ಎತ್ತಿ ಅಟ್ಟಕ್ಕಿಳಿಯುವುದಕ್ಕೆ ಅಂಗಳದಲ್ಲಿ ಯಾವ ಮರವೂ ಬೇಕಿಲ್ಲ.

ಮಂಗ ಕಾಡು ಬಿಟ್ಟು ಅಂಗಳಕ್ಕೆ ಬಂದದ್ದಕ್ಕೆ ಕಾರಣ ಒಂದೇ ಅಲ್ಲ. ಆದರೆ ಗುಡ್ಡದ ಮೇಲೆ ಸಾಲಾಗಿ ನಿಂತ ಅಕೇಶಿಯಾ ನೆಡುತೋಪಿನೊಳಗೆ ಹೋಗಿ ನೋಡಿ. ಅದೂ ಆಸ್ಟ್ರೇಲಿಯಾದಿಂದ ಬಂದದ್ದೇ. ಮಂಗ ಅಲ್ಲಿ ಏನು ತಿನ್ನಬೇಕು? ನೇರಳೆ, ಹೆಬ್ಬಲಸು, ಉಪ್ಪಾಗೆ, ಅತ್ತಿ ಇದ್ದ ಜಾಗದಲ್ಲಿ ಹಣ್ಣಿಲ್ಲದ ಮರ ಬಂದರೆ ಅದು ಹಣ್ಣಿರುವ ಮನೆ ಹುಡುಕಿಕೊಂಡು ಬರುತ್ತದೆ. ಊರಿನವರೆಲ್ಲ ಹಣ್ಣಿನ ಮರ ಕಡಿದು ಪಾಮ್ ನೆಟ್ಟರೆ, ಉಳಿದ ಒಂದು ಪೇರಳೆ ಮರದ ಮೇಲೆ ಇಡೀ ಹಿಂಡು ಕೂರುತ್ತದೆ. ಆ ಪೇರಳೆ ನಮ್ಮ ಮನೆಯದೇ ಎಂದು ಬೇರೆ ಹೇಳಬೇಕಾಗಿಲ್ಲ.

ಹಾಗಾಗಿ ಭಾವನಿಗೆ ನಾನು ಹೇಳಿದ್ದು ಹುಳಿಯ ಕಡೆಗೆ ತಿರುಗು ಎಂದು. ಕಂಚಿ, ಹೇರಳೆ, ಮಾದಲವನ್ನು ಮಂಗ ಅಷ್ಟಾಗಿ ಮೂಸುವುದಿಲ್ಲ. ಉಪ್ಪಿನಕಾಯಿಗೂ ಗೊಜ್ಜಿಗೂ ನಮಗೆ ಬೇಕಾದ್ದೂ ಅದೇ. ಹಿತ್ತಲಿನ ಮೂಲೆಯಲ್ಲಿ ಉಪ್ಪಾಗೆ ಇರಲಿ. ಅದರ ಸಿಪ್ಪೆ ಒಣಗಿಸಿದರೆ ಹುಳಿ, ಬೀಜದಿಂದ ತೆಗೆದ ಉಪ್ಪಾಗೆ ತುಪ್ಪ ಒಂದು ಕಾಲಕ್ಕೆ ನಮ್ಮ ದೋಸೆಕಾವಲಿಯ ಮೇಲೆ ಮೆರೆದದ್ದು. ಅಂಗಳದ ಎದುರಿಗೆ ಮಾತ್ರ ಮುರುಗಲು. ಗೋಪುರದ ಹಾಗೆ ಮೇಲೆ ಚೂಪಾಗುತ್ತಾ ಹೋಗುವ ಆಕಾರ, ಇಳಿಬಿದ್ದ ಕೊಂಬೆ, ವರ್ಷವಿಡೀ ಕಡುಹಸಿರು, ಚಿಗುರಿದಾಗ ಕೆಂಪು. ಬೇಸಿಗೆಯ ಕೊನೆಗೆ ಮರದ ತುಂಬ ಕೆಂಪು ಹಣ್ಣು. ಶರಬತ್ತು, ಸಾರು, ಒಣಗಿಸಿಟ್ಟರೆ ವರ್ಷಕ್ಕಾಗುವ ಹುಳಿ. ಯಾವ ರೆಸಾರ್ಟಿನವರ ತೋಟಗಾರನೂ ಇದಕ್ಕಿಂತ ಚಂದದ ಮರ ತಂದು ತೋರಿಸಲಿ, ನೋಡುವ.

ಒಂದೇ ಎಚ್ಚರ. ಮುರುಗಲಿನಲ್ಲಿ ಗಂಡು ಮರ, ಹೆಣ್ಣು ಮರ ಬೇರೆ ಬೇರೆ. ಬೀಜದ ಗಿಡ ನೆಟ್ಟು ಏಳೆಂಟು ವರ್ಷ ನೀರೆರೆದ ಮೇಲೆ ಗಂಡು ಎಂದು ಗೊತ್ತಾದರೆ ಹಣ್ಣಿಲ್ಲ, ಬರೀ ನೋಡಬೇಕು. ಕಸಿ ಗಿಡವನ್ನೇ ತನ್ನಿ. ಅದರಲ್ಲೂ ನೇರ ಏರಿದ ತುದಿಚಿಗುರಿನಿಂದ ಕಟ್ಟಿದ ಕಸಿಯೇ ಎಂದು ನರ್ಸರಿಯವರನ್ನು ಕೇಳಿ ಖಾತ್ರಿ ಮಾಡಿಕೊಳ್ಳಿ. ಅಡ್ಡಕೊಂಬೆಯ ಕಸಿಯಾದರೆ ಗಿಡ ಮೇಲೇಳದೆ ನೆಲಕ್ಕೇ ಹರಡಿಕೊಳ್ಳುತ್ತದೆ.